ಸೋತ ಕ್ಷೇತ್ರದ ಹೆಸರಲ್ಲೇ ಲಾರ್ಡ್: ಡಾ. ಡೇವಿಡ್ ಪಿಟ್ ನಡೆದ ದಾರಿ

ಪ್ರಶ್ನೆ: ಬ್ರಿಟನ್‌ನಲ್ಲಿ ಕೌನ್ಸಿಲರ್ ಆಗಿದ್ದವರು ಮುಂದೆ ‘ಲಾರ್ಡ್’ ಆದರೆಂದು ಆಗಾಗ ಓದುತ್ತೇನೆ. ನಮ್ಮಲ್ಲಿ ಚುನಾವಣೆ ಸೋತವರನ್ನು ವಿಧಾನ ಪರಿಷತ್ತಿಗೆ ತಂದು ಕೂರಿಸುತ್ತಾರಲ್ಲ, ಇದೂ ಅಂಥದೇ ಪುನರ್ವಸತಿಯೇ? ಪಾಲಿಕೆ ಸದಸ್ಯರೊಬ್ಬರು ಅಲ್ಲಿಯವರೆಗೆ ಹೋಗುವುದಾದರೂ ಹೇಗೆ? ಇನ್ನೊಂದು ಮಾತು. ನನ್ನ ಅಕ್ಕನ ಮಗ ಲೆಸ್ಟರ್‌ನಲ್ಲಿ ಡಾಕ್ಟರ್. ಅವನ ಬಳಿ ಇರುವುದು ಭಾರತದ ಪಾಸ್‌ಪೋರ್ಟೇ. ಅಲ್ಲಿನ ಕೌನ್ಸಿಲ್ ಚುನಾವಣೆಗೆ ನಿಲ್ಲುವ ಆಸೆ ಅವನಿಗಿದೆ. ಅದು ಸಾಧ್ಯವೇ?

ಉತ್ತರ: ಪುನರ್ವಸತಿ ಎಂಬ ಮಾತು ಕೆಲವರ ವಿಷಯದಲ್ಲಿ ನಿಜವೇ. ಸೀಟು ಕಳೆದುಕೊಂಡ ಮಂತ್ರಿಗಳು, ಪಕ್ಷಕ್ಕೆ ದೊಡ್ಡ ದೇಣಿಗೆ ಕೊಟ್ಟವರು ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್ ಸೇರಿದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಸ್ಥಳೀಯ ಸಂಸ್ಥೆಗಳಲ್ಲಿ ದುಡಿದು ಅಲ್ಲಿಗೆ ಹೋದವರನ್ನೂ ಅದೇ ತಕ್ಕಡಿಗೆ ಹಾಕಿದರೆ ಅನ್ಯಾಯವಾಗುತ್ತದೆ. ಬರೀ ನಿಯಮ ಹೇಳಿದರೆ ಇದು ಮನಸ್ಸಿಗೆ ಇಳಿಯುವುದಿಲ್ಲ. ಹಾಗಾಗಿ ಒಬ್ಬರ ಬದುಕನ್ನೇ ಹಿಡಿದು ಹೇಳುತ್ತೇನೆ. ಅವರು ಡಾ. ಡೇವಿಡ್ ಪಿಟ್. ಸಂಸತ್ ಚುನಾವಣೆಯಲ್ಲಿ ಎರಡು ಸಲ ನಿಂತು ಎರಡೂ ಸಲ ಸೋತವರು, ಆಮೇಲೆ ಲಾರ್ಡ್ ಆದವರು. ಮೇಲುನೋಟಕ್ಕೆ ನಿಮ್ಮ ಅನುಮಾನಕ್ಕೆ ಇಷ್ಟು ಸರಿಯಾಗಿ ಹೊಂದುವವರು ಇನ್ನೊಬ್ಬರಿಲ್ಲ. ಅದಕ್ಕೇ ಅವರನ್ನು ಆರಿಸಿಕೊಂಡೆ.

ಮೊದಲು ನಿಯಮದ ಮಾತನ್ನು ಮುಗಿಸಿಬಿಡೋಣ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಾನ ಸ್ಥಳೀಯ ಸಂಸ್ಥೆಗಳ ಕ್ಷೇತ್ರಕ್ಕೆ ಮೀಸಲು. ಗ್ರಾಮ ಪಂಚಾಯಿತಿ ಸದಸ್ಯರಿಂದ ಹಿಡಿದು ಪಾಲಿಕೆ ಸದಸ್ಯರವರೆಗೆ ಎಲ್ಲರೂ ಅಲ್ಲಿ ಮತ ಹಾಕುತ್ತಾರೆ. ಬ್ರಿಟನ್‌ನ ಮೇಲ್ಮನೆಯಲ್ಲಿ ಅಂಥ ಯಾವ ಕ್ಷೇತ್ರವೂ ಇಲ್ಲ. ಲೈಫ್ ಪಿಯರ್ ಎಂಬ ಪದವಿ ಈಗಿನ ರೂಪದಲ್ಲಿ ಬಂದದ್ದು 1958ರ ಕಾಯ್ದೆಯಿಂದ. ಪ್ರಧಾನಿ ಶಿಫಾರಸು ಮಾಡುತ್ತಾರೆ, ರಾಜ ಅಥವಾ ರಾಣಿ ನೇಮಿಸುತ್ತಾರೆ. ಬದುಕಿರುವವರೆಗೆ ಪದವಿ, ಮಕ್ಕಳಿಗೆ ಹೋಗುವುದಿಲ್ಲ. ಹೆಂಗಸರು ಆ ಸಭೆಯಲ್ಲಿ ಮೊದಲ ಬಾರಿಗೆ ಕೂತದ್ದೂ ಇದೇ ಕಾಯ್ದೆಯಿಂದಲೇ. ವಿರೋಧ ಪಕ್ಷಗಳ ನಾಯಕರೂ ತಮ್ಮವರ ಹೆಸರು ಕೊಡುತ್ತಾರೆ. 2000ದಿಂದೀಚೆಗೆ ಒಂದು ನೇಮಕಾತಿ ಆಯೋಗವಿದೆ. ಬಂದ ಹೆಸರುಗಳಲ್ಲಿ ಕಳಂಕವೇನಾದರೂ ಇದೆಯೇ ಎಂದು ಅದು ನೋಡುತ್ತದೆ, ಪಕ್ಷಾತೀತರ ಹೆಸರುಗಳನ್ನು ತಾನೇ ಸೂಚಿಸುತ್ತದೆ. ಹೋಲಿಸಲೇಬೇಕಿದ್ದರೆ ಇದು ರಾಜ್ಯಸಭೆಯ 12 ನಾಮಕರಣ ಸ್ಥಾನಗಳಿಗೆ ಹತ್ತಿರ. ಆದರೆ ರಾಜ್ಯಸಭೆಯಲ್ಲಿ ಆರು ವರ್ಷ, ಲಾರ್ಡ್ಸ್‌ನಲ್ಲಿ ಜೀವನಪೂರ್ತಿ. ಸಂಖ್ಯೆಗೂ ಮಿತಿಯಿಲ್ಲ.

ಅಂದರೆ ಕೌನ್ಸಿಲರ್ ಆಗಿದ್ದೆ ಎಂಬ ಕಾರಣಕ್ಕೆ ಯಾರಿಗೂ ಅಲ್ಲಿ ಹಕ್ಕು ಹುಟ್ಟುವುದಿಲ್ಲ. ಹಾಗಿದ್ದೂ ಆ ದಾರಿ ಇದೆ. ಅದು ಹೇಗಿತ್ತೆಂದು ಪಿಟ್ ಅವರ ಕಥೆಯಲ್ಲಿ ನೋಡಿ.

ಪಿಟ್ ಹುಟ್ಟಿದ್ದು 1913ರ ಅಕ್ಟೋಬರ್ 3ರಂದು, ಕೆರಿಬಿಯನ್ ಸಮುದ್ರದ ಗ್ರೆನೇಡಾ ದ್ವೀಪದಲ್ಲಿ. ಊರಿನ ಹೆಸರು ಹ್ಯಾಂಪ್‌ಸ್ಟೆಡ್. ಈ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ದ್ವೀಪದ ಅತ್ಯಂತ ಜಾಣ ವಿದ್ಯಾರ್ಥಿಗೆ ಸಿಗುತ್ತಿದ್ದ ವಿದ್ಯಾರ್ಥಿವೇತನ ಅವರಿಗೆ ಸಿಕ್ಕಿ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದರು. ಅಲ್ಲಿನ ಕೊಳೆಗೇರಿಗಳಲ್ಲಿ ಬಿಳಿಯರೂ ಬಡತನದಲ್ಲಿ ಬೇಯುವುದನ್ನು ಕಂಡರು. ವೆಸ್ಟ್ ಇಂಡೀಸ್‌ಗೆ ಮರಳಿ ಟ್ರಿನಿಡಾಡ್‌ನ ಸ್ಯಾನ್ ಫರ್ನಾಂಡೋ ಊರಿನಲ್ಲಿ ದವಾಖಾನೆ ತೆರೆದರು, 1941ರಲ್ಲಿ ಅಲ್ಲಿನ ಪುರಸಭೆ ಸೇರಿದರು, ಉಪಮೇಯರ್ ಕೂಡ ಆದರು. ವೆಸ್ಟ್ ಇಂಡೀಸ್‌ಗೆ ಸ್ವಯಮಾಡಳಿತ ಬೇಕೆಂದು ಪಕ್ಷವನ್ನೂ ಕಟ್ಟಿದರು. 1947ರಲ್ಲಿ ಆ ಬೇಡಿಕೆ ಹೊತ್ತು ಲಂಡನ್‌ಗೆ ಬಂದವರು ಅಲ್ಲೇ ನೆಲೆನಿಂತರು.

ಯೂಸ್ಟನ್ ನಿಲ್ದಾಣಕ್ಕೆ ಹತ್ತಿರದ ಗೋವರ್ ಸ್ಟ್ರೀಟ್‌ನಲ್ಲಿ ಅವರ ದವಾಖಾನೆ. ಕರಿಯರೂ ಬಿಳಿಯರೂ ಬರುತ್ತಿದ್ದ ಸಾಧಾರಣ ಜಿ.ಪಿ. ದವಾಖಾನೆ ಅದು. ನಮ್ಮ ಕಡೆಯ ಫ್ಯಾಮಿಲಿ ಡಾಕ್ಟರ್ ಎಂದುಕೊಳ್ಳಿ. ಮೇಲೆ ರೋಗಿಗಳನ್ನು ನೋಡುತ್ತಿದ್ದರೆ ಕೆಳಗಿನ ನೆಲಮಾಳಿಗೆಯಲ್ಲಿ ಬೇರೆಯದೇ ಕೆಲಸ ನಡೆಯುತ್ತಿತ್ತು. ದಕ್ಷಿಣ ಆಫ್ರಿಕಾದ ಹಣ್ಣು, ಸಿಗರೇಟು ಕೊಳ್ಳಬೇಡಿ ಎಂದು 1959ರಲ್ಲಿ ಲಂಡನ್‌ನಲ್ಲಿ ಶುರುವಾದ ಬಹಿಷ್ಕಾರ ಚಳವಳಿ ಮರುವರ್ಷ ವರ್ಣಭೇದ ವಿರೋಧಿ ಚಳವಳಿಯಾಗಿ ಬೆಳೆಯಿತು. ಅದರ ಮೊದಲ ಕಚೇರಿಗೆ ಜಾಗ ಕೊಟ್ಟದ್ದು ಪಿಟ್ ಅವರ ದವಾಖಾನೆಯ ಆ ನೆಲಮಾಳಿಗೆ. ಮುಂದೆ ಮೂರು ದಶಕಕ್ಕೂ ಹೆಚ್ಚು ಕಾಲ ನಡೆದು ಮಂಡೇಲಾ ಬಿಡುಗಡೆಗೆ ಜಗತ್ತಿನ ದನಿ ಸೇರಿಸಿದ ಚಳವಳಿ ಒಬ್ಬ ಡಾಕ್ಟರ ಕೆಳಕೋಣೆಯಲ್ಲಿ ಕಣ್ಣು ಬಿಟ್ಟಿತು ಎಂಬುದು ನನಗಂತೂ ಅವರ ಯಾವ ಪದವಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಅದೇ 1959ರಲ್ಲಿ ಸಾರ್ವತ್ರಿಕ ಚುನಾವಣೆ. ಲೇಬರ್ ಪಕ್ಷ ಪಿಟ್ ಅವರನ್ನು ಲಂಡನ್‌ನ ಹ್ಯಾಂಪ್‌ಸ್ಟೆಡ್ ಕ್ಷೇತ್ರದಲ್ಲಿ ನಿಲ್ಲಿಸಿತು. ಆಫ್ರಿಕನ್ ಮೂಲದ ಒಬ್ಬರನ್ನು ದೊಡ್ಡ ಪಕ್ಷವೊಂದು ಸಂಸತ್ತಿಗೆ ಅಭ್ಯರ್ಥಿ ಮಾಡಿದ್ದು ಅದೇ ಮೊದಲು. ಎದುರಾಳಿ ಹೆನ್ರಿ ಬ್ರೂಕ್ ಆಗಿನ ವಸತಿ ಸಚಿವರು, ಕ್ಷೇತ್ರ ಕನ್ಸರ್ವೇಟಿವ್ ಪಕ್ಷದ ಭದ್ರಕೋಟೆ. ಪ್ರಚಾರ ಸಭೆಗಳಿಗೆ ಜನಾಂಗದ್ವೇಷಿಗಳು ನುಗ್ಗಿ ಗಲಾಟೆ ಮಾಡಿದರು, ಮನೆಯವರಿಗೂ ಬೆದರಿಕೆ ಬಂತು. ಪಿಟ್ ಕಣದಿಂದ ಸರಿಯಲಿಲ್ಲ. ಸೋತರು.

ಕಳಿಸಿದ್ದೇ ಸೋಲುವ ಕ್ಷೇತ್ರಕ್ಕೆ ಎಂದು ನೀವು ಹೇಳಬಹುದು. ಹೌದು, ಅಲ್ಲಿ ಬಿಳಿಯ ಲೇಬರ್ ಅಭ್ಯರ್ಥಿ ನಿಂತಿದ್ದರೂ ಸೋಲು ಖಂಡಿತ. ಎರಡನೆಯ ಸಲ ಹಾಗಾಗಲಿಲ್ಲ. 1970ರಲ್ಲಿ ಸಿಕ್ಕ ಕ್ಲಾಪಮ್ ಲೇಬರ್ ಕೈಯಲ್ಲಿದ್ದ ಕ್ಷೇತ್ರ. ಅದಕ್ಕೆ ಎರಡು ವರ್ಷ ಮೊದಲು, 1968ರ ಏಪ್ರಿಲ್‌ನಲ್ಲಿ, ಕನ್ಸರ್ವೇಟಿವ್ ಸಂಸದ ಈನಾಕ್ ಪೊವೆಲ್ ಬರ್ಮಿಂಗ್‌ಹ್ಯಾಮ್‌ನಲ್ಲಿ ವಲಸಿಗರ ವಿರುದ್ಧ ಭಾಷಣ ಮಾಡಿ ದೇಶವನ್ನೇ ಕದಡಿದ್ದರು. 1970ರ ಚುನಾವಣೆಯಲ್ಲಿ ದೇಶದಾದ್ಯಂತ ಲೇಬರ್‌ನಿಂದ ಕನ್ಸರ್ವೇಟಿವ್ ಕಡೆಗೆ ವಾಲಿದ ಮತ ಸರಾಸರಿ ಸುಮಾರು ಶೇ 5. ಕ್ಲಾಪಮ್‌ನಲ್ಲಿ ಅದರ ಎರಡು ಪಟ್ಟು. ಪಕ್ಷದ ಮೇಲಿನ ಸಿಟ್ಟು ಎಲ್ಲ ಕಡೆ ಇತ್ತು. ಆ ಇನ್ನೊಂದು ಪಟ್ಟು ಎಲ್ಲಿಂದ ಬಂತು ಎಂದು ಹುಡುಕಲು ದೊಡ್ಡ ಸಂಶೋಧನೆ ಬೇಕಿಲ್ಲ.

ಈಗ ನಿಮ್ಮ ಪ್ರಶ್ನೆಯ ಹೃದಯಕ್ಕೆ ಬರುತ್ತೇನೆ. ಈ ಎರಡು ಸೋಲುಗಳ ನಡುವೆ ಏನಾಯಿತು? 1961ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್‌ಗೆ ಹ್ಯಾಕ್ನಿ ಭಾಗದಿಂದ ಪಿಟ್ ಆರಿಸಿಬಂದರು. 1964ರಲ್ಲಿ ಅದರ ಜಾಗಕ್ಕೆ ಗ್ರೇಟರ್ ಲಂಡನ್ ಕೌನ್ಸಿಲ್ ಎಂಬ ಇನ್ನೂ ದೊಡ್ಡ ಸಂಸ್ಥೆಗೆ ಚುನಾವಣೆ ನಡೆಯಿತು. ಅದಕ್ಕೂ ಆಯ್ಕೆಯಾದರು. 1977ರವರೆಗೆ ಅಲ್ಲೇ ಇದ್ದರು. ಸಂಸತ್ತಿಗೆ ಬೇಡವಾದ ಮನುಷ್ಯನನ್ನು ಅದೇ ಲಂಡನ್‌ನ ಮತದಾರರು ಕೌನ್ಸಿಲ್‌ಗೆ ಮತ್ತೆ ಮತ್ತೆ ಕಳಿಸಿದರು. ಬೀದಿ, ಬಾಡಿಗೆ ಮನೆ, ಶಾಲೆ ಇವು ಮತದಾರನ ಕಣ್ಣಮುಂದಿನ ಸಂಗತಿಗಳು. ಅವನ್ನು ನೋಡಿಕೊಳ್ಳಲು ನಂಬಿಕಸ್ತ ಡಾಕ್ಟರ್ ಒಬ್ಬ ಸಿಕ್ಕರೆ ಮೈಬಣ್ಣ ಹಿಂದಕ್ಕೆ ಸರಿಯುತ್ತದೆ. ದೇಶವನ್ನು ಆಳುವವರು ಯಾರು ಎಂಬ ಮಾತು ಬಂದಾಗ ಅದೇ ಬಣ್ಣ ಮುಂದಕ್ಕೆ ಬರುತ್ತದೆ. ಕೌನ್ಸಿಲ್ ಎಂಬುದು ಕರಿಯರಿಗೆ, ಏಷ್ಯನ್ನರಿಗೆ ತೆರೆದಿದ್ದ ಒಂದೇ ಬಾಗಿಲು.

ಅದು ಮೊದಲೂ ಹಾಗೇ ಇತ್ತು. ಲಂಡನ್‌ನ ಬ್ಯಾಟರ್ಸಿಗೆ ಜಾನ್ ಆರ್ಚರ್ ಎಂಬ ಕರಿಯ ಮೇಯರ್ 1913ರಲ್ಲೇ ಬಂದಿದ್ದರು. ನಮ್ಮ ವಿ.ಕೆ. ಕೃಷ್ಣ ಮೆನನ್ 1934ರಿಂದ 1947ರವರೆಗೆ ಸೇಂಟ್ ಪ್ಯಾಂಕ್ರಾಸ್‌ನ ಕೌನ್ಸಿಲರ್ ಆಗಿದ್ದು ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಬೆಳೆಸಿದರು. ಆ ಬರೋ (ನಗರದೊಳಗಿನ ಆಡಳಿತ ಘಟಕ) 1955ರಲ್ಲಿ ಅವರಿಗೆ ಗೌರವ ಪೌರತ್ವ ಕೊಟ್ಟಿತು. ಪಿಟ್ ದವಾಖಾನೆ ಇದ್ದದ್ದೂ ಅದೇ ಪ್ರದೇಶದಲ್ಲಿ. ದಾದಾಭಾಯಿ ನವರೋಜಿ 1892ರಲ್ಲೇ ಸಂಸತ್ತಿಗೆ ಗೆದ್ದಿದ್ದರಲ್ಲ ಎಂದು ನೀವು ಕೇಳಬಹುದು. ಗೆದ್ದದ್ದು ನಿಜ. ಆದರೆ ಅವರ ನಂತರ ಭಾವನಗರಿ, ಸಕ್ಲಾತ್‌ವಾಲಾ ಎಂದು ಎರಡು ಹೆಸರು ಹೇಳುವಷ್ಟರಲ್ಲಿ ಪಟ್ಟಿ ಮುಗಿದು, ಮುಂದೆ ದಶಕಗಟ್ಟಲೆ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಅಂಥವರ ಜಾಗ ಖಾಲಿ.

ಆಗ ಕೌನ್ಸಿಲರ್‌ಗೆ ಸಂಬಳವಿರಲಿಲ್ಲ. ಸಭೆಗೆ ಹಾಜರಾದದ್ದಕ್ಕೆ ಭತ್ಯೆ ಎಂಬುದು 1972ರ ಸ್ಥಳೀಯ ಆಡಳಿತ ಕಾಯ್ದೆಯ ನಂತರದ ಮಾತು. ಅಷ್ಟು ವರ್ಷವೂ ಪಿಟ್ ಹೊಟ್ಟೆಪಾಡು ನಡೆದದ್ದು ಡಾಕ್ಟರಿಕೆಯಿಂದ. ಕೌನ್ಸಿಲ್ ಕೆಲಸದ ಜೊತೆಗೆ ಇನ್ನೊಂದು ಹೊರೆಯೂ ಹೆಗಲೇರಿತು. 1964ರ ಡಿಸೆಂಬರ್‌ನಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಓಸ್ಲೊಗೆ ಹೊರಟ ಮಾರ್ಟಿನ್ ಲೂಥರ್ ಕಿಂಗ್ ದಾರಿಯಲ್ಲಿ ಲಂಡನ್‌ನಲ್ಲಿ ಇಳಿದಿದ್ದರು. ಅಲ್ಲಿನ ವಲಸಿಗರ ಮುಖಂಡರನ್ನು ಕಂಡು ಮಾತಾಡಿದರು. ಆ ಮಾತುಕತೆಯ ಬೆನ್ನಿಗೇ ಜನಾಂಗ ತಾರತಮ್ಯದ ವಿರುದ್ಧ ‘ಕಾರ್ಡ್’ ಎಂಬ ಒಕ್ಕೂಟ ಹುಟ್ಟಿತು. ಕೆರಿಬಿಯನ್ ಜನರ ಜೊತೆ ಭಾರತೀಯರ, ಪಾಕಿಸ್ತಾನಿಗಳ ಸಂಘಗಳೂ ಅದರಲ್ಲಿ ಸೇರಿದವು. ಅಧ್ಯಕ್ಷರು ಪಿಟ್. ‘ಕರಿಯರಿಗೆ ಇಲ್ಲ’ ಎಂದು ಬಾಡಿಗೆ ಮನೆಗಳ ಕಿಟಕಿಯಲ್ಲಿ ರಾಜಾರೋಷವಾಗಿ ಚೀಟಿ ಅಂಟಿಸುತ್ತಿದ್ದ ಕಾಲ ಅದು. 1965ರ ಜನಾಂಗ ಸಂಬಂಧಗಳ ಕಾಯ್ದೆ ಹೋಟೆಲು, ಬಸ್ಸಿನಂಥ ಸಾರ್ವಜನಿಕ ಜಾಗಗಳಿಗಷ್ಟೇ ಸೀಮಿತವಾಗಿತ್ತು. ಮನೆ, ನೌಕರಿಯನ್ನು ಮುಟ್ಟಲಿಲ್ಲ. ಒತ್ತಡ ನಿಲ್ಲಲಿಲ್ಲವಾದ್ದರಿಂದ 1968ರ ಕಾಯ್ದೆ ಅವನ್ನೂ ಒಳಗೆ ತಂದಿತು. ಅಷ್ಟರಲ್ಲಿ ಒಕ್ಕೂಟ ಒಳಜಗಳದಿಂದ ಒಡೆದಿತ್ತು. ಪಿಟ್ ತೀರಾ ಮೆತ್ತಗೆ, ಸರ್ಕಾರದ ಕಡೆಯವರು ಎಂದು ತರುಣರು ದೂರಿದರು. ಕೆಲವು ಕರಿಯರಿಗೆ ತಾನು ಬಿಳಿಯರ ಬಾಲಬಡುಕ, ಕೆಲವು ಬಿಳಿಯರಿಗೆ ಉಗ್ರ ಕ್ರಾಂತಿಕಾರಿ, ಹಾಗಾದರೆ ಸರಿಯಾದ ಜಾಗದಲ್ಲೇ ಇದ್ದೇನೆ ಎಂಬ ಅರ್ಥದ ಮಾತನ್ನು ಪಿಟ್ ಮುಂದೊಮ್ಮೆ ಹೇಳಿದ್ದರು. ತರುಣರ ಸಿಟ್ಟಿಗೆ ಕಾರಣವಿತ್ತು ಎಂದು ನಾನೂ ಒಪ್ಪುತ್ತೇನೆ. ಆದರೆ ಕಾಯ್ದೆಯ ಕರಡು ಹಿಡಿದು ಮಂತ್ರಿಗಳ ಎದುರು ಕೂತು ಒಂದೊಂದೇ ಕಲಮು ಸೇರಿಸುವುದಕ್ಕೆ ಅಂಥ ತಾಳ್ಮೆಯೇ ಬೇಕು.

1974ರಲ್ಲಿ ಪಿಟ್ ಗ್ರೇಟರ್ ಲಂಡನ್ ಕೌನ್ಸಿಲ್‌ನ ಅಧ್ಯಕ್ಷರಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಕರಿಯ. ಇಲ್ಲಿ ನಮ್ಮವರು ತಪ್ಪು ತಿಳಿಯುವುದು ಸಹಜ. ಅಲ್ಲಿ ಅಧ್ಯಕ್ಷ ಎಂದರೆ ಸಭೆ ನಡೆಸುವ, ಗಣ್ಯರನ್ನು ಬರಮಾಡಿಕೊಳ್ಳುವ ಒಂದು ವರ್ಷದ ಗೌರವದ ಸ್ಥಾನ. ಬಜೆಟ್, ವಸತಿ, ಸಾರಿಗೆ ಎಲ್ಲ ಬಹುಮತದ ಪಕ್ಷದ ನಾಯಕನ ಕೈಯಲ್ಲಿ. ಆಗ ಅದು ರೆಗ್ ಗುಡ್‌ವಿನ್. ಲಂಡನ್‌ನ ಬರೋಗಳಲ್ಲೂ ಹೆಚ್ಚು ಕಡೆ ಇದೇ ಪದ್ಧತಿ. ಕಲಬುರಗಿ ಮೂಲದ ವೈದ್ಯ ನೀರಜ್ ಪಾಟೀಲ್ 2010–11ರಲ್ಲಿ ಲ್ಯಾಂಬೆತ್‌ನ ಮೇಯರ್ ಆಗಿದ್ದರು. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಹಿಂದೆ ಅವರ ದುಡಿಮೆ ಇದೆ ಎಂದು ನಮ್ಮಲ್ಲಿ ಬಹಳ ಜನರಿಗೆ ಗೊತ್ತು. ಅವರದೂ ಅಂಥದೇ ಮೇಯರ್ ಹುದ್ದೆ. ಅಧಿಕಾರ ಕಡಿಮೆ ಎಂದ ಮಾತ್ರಕ್ಕೆ ಅದು ಹುರುಳಿಲ್ಲದ್ದಲ್ಲ. ರಾಜಧಾನಿಯ ಸಭೆಗೆ ಕರಿಯನೊಬ್ಬ ಅಧ್ಯಕ್ಷ ಎಂಬ ದೃಶ್ಯವೇ ಪೊವೆಲ್ ಭಾಷಣಕ್ಕೆ ಆರು ವರ್ಷದಲ್ಲಿ ಸಿಕ್ಕ ಉತ್ತರವಾಗಿತ್ತು.

1975ರಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಅವರ ಶಿಫಾರಸಿನಂತೆ ಪಿಟ್ ಲೈಫ್ ಪಿಯರ್ ಆದರು. ಕೌನ್ಸಿಲ್ ಇದ್ದ ಕೌಂಟಿ ಹಾಲ್‌ನಿಂದ ಲಾರ್ಡ್ಸ್ ಸಭೆಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದರೆ ಸಾಕು, ನಡೆದೇ ಹೋಗಬಹುದು. ಅಲ್ಲಿ ಹೊಸಬರನ್ನು ಬರಮಾಡಿಕೊಳ್ಳುವ ಕ್ರಮ ಹಳೆಯದು. ಕೆಂಪು ನಿಲುವಂಗಿ ತೊಟ್ಟು, ಇಬ್ಬರು ಸಹ ಸದಸ್ಯರು ಜೊತೆಯಾಗಿ ನಿಂತು, ನೇಮಕದ ರಾಜಪತ್ರವನ್ನು ಗಟ್ಟಿಯಾಗಿ ಓದಿದ ಮೇಲೆ ಪ್ರಮಾಣವಚನ. ಹೆಸರಿನೊಂದಿಗೆ ಯಾವ ಊರನ್ನು ಸೇರಿಸಬೇಕೆಂದು ಅವರವರೇ ಆರಿಸಿಕೊಳ್ಳುತ್ತಾರೆ. ಪಿಟ್ ‘ಹ್ಯಾಂಪ್‌ಸ್ಟೆಡ್’ ಎಂದರು. ರಾಜಪತ್ರದಲ್ಲಿ ಲಂಡನ್‌ನ ಹ್ಯಾಂಪ್‌ಸ್ಟೆಡ್ ಮತ್ತು ಗ್ರೆನೇಡಾದ ಹ್ಯಾಂಪ್‌ಸ್ಟೆಡ್ ಎರಡೂ ದಾಖಲಾದವು. ತನ್ನನ್ನು ಬೆದರಿಸಿ ಸೋಲಿಸಿದ ಕ್ಷೇತ್ರವನ್ನೂ ಹೆತ್ತ ಹಳ್ಳಿಯನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಬ್ರಿಟಿಷ್ ರಾಜಪತ್ರದಲ್ಲಿ ಬರೆಸಿದ ಮನುಷ್ಯ.

ಲಾರ್ಡ್ ಆದ ಮೇಲೂ ಎರಡು ವರ್ಷ ಅವರು ಕೌನ್ಸಿಲರ್ ಆಗಿಯೇ ಇದ್ದರು. ಇದು ನಮ್ಮವರಿಗೆ ಆಶ್ಚರ್ಯ ತರುವ ಸಂಗತಿ. ಅಲ್ಲಿ ಲಾರ್ಡ್ಸ್ ಸದಸ್ಯ ಕಾಮನ್ಸ್ ಚುನಾವಣೆಗೆ ನಿಲ್ಲುವಂತಿಲ್ಲ, ಅದರಲ್ಲಿ ಮತವನ್ನೂ ಹಾಕುವಂತಿಲ್ಲ. ಆದರೆ ಕೌನ್ಸಿಲ್‌ಗೆ ಎರಡೂ ಸಲ್ಲುತ್ತದೆ. ನ್ಯೂಕಾಸಲ್‌ನ ಜೆರೆಮಿ ಬೀಚಮ್ 1977ರಿಂದ 1994ರವರೆಗೆ ಆ ನಗರದ ಕೌನ್ಸಿಲ್ ನಾಯಕ. ಸ್ಥಳೀಯ ಸಂಸ್ಥೆಗಳ ರಾಷ್ಟ್ರೀಯ ಸಂಘ 1997ರಲ್ಲಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷ. 2010ರಲ್ಲಿ ಲಾರ್ಡ್ ಆದ ಮೇಲೂ ತಮ್ಮ ವಾರ್ಡ್ ಬಿಡಲಿಲ್ಲ.

ಪಿಟ್ ಲಾರ್ಡ್ಸ್‌ನಲ್ಲಿ ಕೂತು ಏನು ಮಾಡಿದರು? 1976ರ ಜನಾಂಗ ಸಂಬಂಧಗಳ ಕಾಯ್ದೆ ಅಲ್ಲಿಗೆ ಬಂದಾಗ ಅದರ ಪರ ನಿಂತರು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಎನಿಸುವ, ಆದರೆ ಏಟು ಬೀಳುವುದು ಒಂದು ಜನಾಂಗಕ್ಕೇ ಎಂಬಂಥ ನಿಯಮಗಳನ್ನೂ ತಾರತಮ್ಯವೆಂದು ಕರೆದ ಕಾಯ್ದೆ ಅದು. ಅದರಿಂದ ಅನುಕೂಲ ಪಡೆದವರಲ್ಲಿ ಭಾರತದಿಂದ ಹೋದವರೂ ಲಕ್ಷಗಟ್ಟಲೆ ಇದ್ದಾರೆ. 1979ರಿಂದ 1990ರವರೆಗೆ ‘ಶೆಲ್ಟರ್’ ಎಂಬ ವಸತಿ ಸಂಸ್ಥೆಯ ಅಧ್ಯಕ್ಷರಾಗಿ ಮನೆಯಿಲ್ಲದವರ ಪರ ದುಡಿದರು. 1985–86ಕ್ಕೆ ಬ್ರಿಟಿಷ್ ವೈದ್ಯಕೀಯ ಸಂಘ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಬೀದಿಬದಿಯ ಜಿ.ಪಿ.ಯೊಬ್ಬರಿಗೆ ಆ ಗೌರವ ಸಿಗುವುದೇ ಅಪರೂಪ. 1994ರ ಡಿಸೆಂಬರ್ 18ರಂದು ತೀರಿಕೊಂಡರು.

ಹಾಗಾದರೆ ಇದು ಪುನರ್ವಸತಿಯೇ? ನನ್ನ ಮಟ್ಟಿಗೆ ಅಲ್ಲ. ಕೌನ್ಸಿಲ್‌ನಲ್ಲಿ 14 ವರ್ಷ, ಅದಕ್ಕೂ ಮೊದಲು ಟ್ರಿನಿಡಾಡ್ ಪುರಸಭೆಯಲ್ಲಿ ಆರು ವರ್ಷ ದುಡಿದವರನ್ನು ಸೋತ ಅಭ್ಯರ್ಥಿ ಎಂದಷ್ಟೇ ಕರೆಯಲಾಗದು. ಆದರೆ ಒಂದು ಮಾತು ನನ್ನನ್ನು ಕಾಡುತ್ತಲೇ ಇರುತ್ತದೆ. ಮತದಾರರು ಕೊಡದ ಜಾಗವನ್ನು ಕೊಟ್ಟದ್ದು ಯಾರ ಮತಕ್ಕೂ ನಿಲ್ಲದ ಸಭೆ, ಅದೂ ಒಬ್ಬ ಪ್ರಧಾನಿಯ ಮನಸ್ಸಿನಂತೆ. ಒಳ್ಳೆಯವರನ್ನು ತಂದ ಅದೇ ಬಾಗಿಲಿನಿಂದ ಹಣವಂತರೂ ಬರುತ್ತಾರೆ. ಪಿಟ್ ಅವರಂಥವರ ಹೆಸರು ಹೇಳಿ ಆ ಪದ್ಧತಿಯನ್ನು ಸಮರ್ಥಿಸುವುದು ನನಗೆ ಒಪ್ಪಿಗೆಯಿಲ್ಲ. ಅವರು ಕಾಮನ್ಸ್‌ನಲ್ಲಿ ಇರಬೇಕಿತ್ತು. ಹ್ಯಾಕ್ನಿಯಲ್ಲಿ ಅವರು ಪ್ರತಿನಿಧಿಸಿದ ಪ್ರದೇಶದಿಂದಲೇ 1987ರಲ್ಲಿ ಡಯಾನ್ ಅಬಟ್ ಎಂಬ ಕರಿಯ ಮಹಿಳೆ ಸಂಸತ್ತಿಗೆ ಗೆದ್ದರು. ಅದೇ ವರ್ಷ ಕರಿಯರಾದ ಬರ್ನಿ ಗ್ರಾಂಟ್, ಪಾಲ್ ಬೋಟೆಂಗ್, ಭಾರತ ಮೂಲದ ಕೀತ್ ವಾಜ್ ಕೂಡ ಗೆದ್ದರು. ಅಬಟ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೌನ್ಸಿಲರ್ ಆಗಿದ್ದವರು, ಗ್ರಾಂಟ್ ಹ್ಯಾರಿಂಗೇ ಕೌನ್ಸಿಲ್‌ನ ನಾಯಕರಾಗಿದ್ದವರು, ಬೋಟೆಂಗ್ ಪಿಟ್ ಇದ್ದ ಗ್ರೇಟರ್ ಲಂಡನ್ ಕೌನ್ಸಿಲ್‌ನಲ್ಲೇ ಸದಸ್ಯರಾಗಿದ್ದವರು.

ಇದು ಲೇಬರ್ ಪಕ್ಷದ ಕಥೆ ಮಾತ್ರವಲ್ಲ. ಲಾಹೋರ್‌ನಲ್ಲಿ ಹುಟ್ಟಿದ, ಅಲ್ಲಿನ ಹೆಸರಾಂತ ಎಂಜಿನಿಯರ್ ಸರ್ ಗಂಗಾರಾಂ ಅವರ ಮರಿಮೊಮ್ಮಗಳು ಶ್ರೀಲಾ ಫ್ಲ್ಯಾದರ್ ಆಗ ಕನ್ಸರ್ವೇಟಿವ್ ಪಕ್ಷದಲ್ಲಿದ್ದವರು. 1976ರಲ್ಲಿ ವಿಂಡ್ಸರ್ ಮತ್ತು ಮೇಡನ್‌ಹೆಡ್ ಬರೋದ ಕೌನ್ಸಿಲರ್, 1986–87ರಲ್ಲಿ ಮೇಯರ್, 1990ರಲ್ಲಿ ಲೈಫ್ ಪಿಯರ್. ಲಾರ್ಡ್ಸ್‌ಗೆ ಹೋದ ಮೊದಲ ಏಷ್ಯನ್ ಮಹಿಳೆ. ಸೀರೆಯುಟ್ಟೇ ಸಭೆಗೆ ಬರುತ್ತಿದ್ದರು. ಮಹಾಯುದ್ಧಗಳಲ್ಲಿ ಬ್ರಿಟನ್ ಪರ ಹೋರಾಡಿದ ಭಾರತ ಉಪಖಂಡ, ಆಫ್ರಿಕಾ, ಕೆರಿಬಿಯನ್‌ನ ಸೈನಿಕರ ಸ್ಮಾರಕ ದ್ವಾರಗಳು ಬಕಿಂಗ್‌ಹ್ಯಾಮ್ ಅರಮನೆಯ ಹತ್ತಿರ 2002ರಲ್ಲಿ ಎದ್ದುನಿಂತದ್ದು ಅವರ ಪಟ್ಟಿನಿಂದ.

ಇನ್ನು ನಿಮ್ಮ ಅಕ್ಕನ ಮಗನ ವಿಷಯ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಬ್ರಿಟನ್‌ನಲ್ಲಿ ವೀಸಾ ಮೇಲೆ ಸಕ್ರಮವಾಗಿ ವಾಸವಿರುವ ಭಾರತೀಯರು ಅಲ್ಲಿನ ಮತದಾರರ ಪಟ್ಟಿಗೆ ಸೇರಿ ಮತ ಹಾಕಬಹುದು. ಚುನಾವಣೆಗೆ ನಿಲ್ಲಲು ಅಷ್ಟು ಸಾಲದು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡೇ ನಿಲ್ಲಬಹುದು, ಆದರೆ ಕಾಯಂ ವಾಸದ ಅನುಮತಿ, ಅಂದರೆ ಅಲ್ಲಿ ಎಲ್ಲರೂ ಐಎಲ್‌ಆರ್ ಎನ್ನುವುದು, ಕೈಯಲ್ಲಿರಬೇಕು. ಜೊತೆಗೆ ಆ ಕೌನ್ಸಿಲ್ ವ್ಯಾಪ್ತಿಯ ಮತದಾರರಾಗಿರಬೇಕು, ಇಲ್ಲವೇ ಹಿಂದಿನ 12 ತಿಂಗಳು ಅಲ್ಲೇ ವಾಸವೋ ಮುಖ್ಯ ಉದ್ಯೋಗವೋ ಇದ್ದಿರಬೇಕು. ಸಂಸತ್ ಅಭ್ಯರ್ಥಿ 500 ಪೌಂಡ್ ಠೇವಣಿ ಇಡಬೇಕು, ಕೌನ್ಸಿಲ್‌ಗೆ ಠೇವಣಿಯೇ ಇಲ್ಲ. ಪಕ್ಷದ ಟಿಕೆಟ್ ಬೇಕಿದ್ದರೆ ಸದಸ್ಯರಾಗಿ ವಾರ್ಡ್ ಶಾಖೆಯ ಸಭೆಗಳಿಗೆ ಈಗಿನಿಂದಲೇ ಹೋಗಲು ಹೇಳಿ. ಆಯ್ಕೆ ಅಲ್ಲಿಂದಲೇ ಶುರುವಾಗುತ್ತದೆ, ಚುನಾವಣೆಗೆ ತಿಂಗಳುಗಳ ಮೊದಲೇ ಮುಗಿದೂ ಹೋಗುತ್ತದೆ. ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಯ ಡಾಕ್ಟರ್ ಕೆಲಸ ಅಡ್ಡಿಯಾಗದು. ಕೌನ್ಸಿಲ್‌ನಿಂದ ಸಂಬಳ ಪಡೆಯುವ ನೌಕರರು ಮಾತ್ರ ಅದೇ ಕೌನ್ಸಿಲ್‌ಗೆ ನಿಲ್ಲುವಂತಿಲ್ಲ.